ಗರಸಿನ ಹಾದಿ, ಕರಿಯ ಸೈಕಲ್ಲು

ಸೈಕಲ್ಲು ಡಾಂಬರು ರಸ್ತೆಗಾಗಿ ಹುಟ್ಟಿದ ವಾಹನವೆಂದು ನಮ್ಮಲ್ಲಿ ಬಹು ಜನರು ತಿಳಿದಿರುವರು. ಸಂಗತಿ ಹಾಗಿಲ್ಲ. ಸೈಕಲ್ಲು ಹುಟ್ಟಿದ ಕಾಲಕ್ಕೆ ಊರಿಂದೂರಿಗೆ ಹೋಗುವ ಡಾಂಬರು ರಸ್ತೆಗಳೇ ಇರಲಿಲ್ಲ. ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತನು 1817ರಲ್ಲಿ ಕಟ್ಟಿಗೆಯ ಎರಡು ಗಾಲಿಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕುಳಿತು, ನೆಲವನ್ನು ಕಾಲಿನಿಂದ ಒದೆಯುತ್ತ ಓಡಿಸಿದನು. ಅದಕ್ಕೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ. ಮುಂದೆ 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿಯು ಎರಡೂ ಗಾಲಿಗಳನ್ನು ಹೆಚ್ಚು ಕಡಿಮೆ ಒಂದೇ ಅಳತೆಯವನ್ನಾಗಿ ಮಾಡಿ, ಹಿಂದಿನ ಗಾಲಿಗೆ ಚೈನು ಕೂಡಿಸಿ, ಇಂದು ನಾವು ಕಾಣುವ ರೂಪವನ್ನು ಕೊಟ್ಟನು. ಆದರೂ ಗಟ್ಟಿ ರಬ್ಬರಿನ ಆ ಗಾಲಿಗಳ ಮೇಲೆ ಕುಳಿತವನ ಎಲುಬುಗಳು ಸಡಿಲವಾಗುತ್ತಿದ್ದವು. ಬೆಲ್‌ಫಾಸ್ಟಿನಲ್ಲಿ ದನಗಳ ವೈದ್ಯನಾಗಿದ್ದ ಡನ್‌ಲಪ್ ಎಂಬಾತನು 1888ರಲ್ಲಿ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಹವಾ ತುಂಬಿದ ರಬ್ಬರಿನ ಕೊಳವೆಯನ್ನು ಸುತ್ತಿದಾಗಲೇ ಈ ಕಷ್ಟಕ್ಕೆ ಪರಿಹಾರ ದೊರೆಯಿತು. ಹವಾ ತುಂಬಿದ ಟೈರು ಬಂದದ್ದು ನುಣುಪಾದ ರಸ್ತೆಗಾಗಿ ಅಲ್ಲ, ಒರಟು ರಸ್ತೆಗಾಗಿ ಎಂಬುದನ್ನು ವಾಚಕರು ಇಲ್ಲಿಯೇ ಗಮನಿಸಬೇಕು. ಮುಂದೆ ಹೇಳುವ ಮಾತಿಗೆಲ್ಲ ಇದೇ ಬುಡ.

ಈಚೆಗೆ ಪಾಶ್ಚಾತ್ಯ ದೇಶಗಳಲ್ಲಿ ಗ್ರ್ಯಾವೆಲ್ ಸೈಕ್ಲಿಂಗ್ ಎಂಬ ಒಂದು ಹವ್ಯಾಸವು ಹಬ್ಬಿದೆ. ಗ್ರ್ಯಾವೆಲ್ ಎಂದರೆ ಗರಸು; ನಮ್ಮ ಕಡೆ ಮುರುಮು ಎನ್ನುವರು. ಮೋಟಾರುಗಳ ಗದ್ದಲದಿಂದ ಬೇಸತ್ತವರು ಡಾಂಬರನ್ನು ಬಿಟ್ಟು ಹೊಲ, ತೋಟ, ಅಡವಿಗಳ ನಡುವಿನ ಕಚ್ಚಾ ಹಾದಿಯನ್ನು ಹಿಡಿದು ದಿನಗಟ್ಟಲೆ ಸೈಕಲ್ಲು ತುಳಿಯುವುದೇ ಈ ಹವ್ಯಾಸ. ಅದಕ್ಕೆಂದೇ ಬೇರೆ ಜಾತಿಯ ಸೈಕಲ್ಲುಗಳನ್ನು ಮಾಡಿ ಲಕ್ಷಗಟ್ಟಲೆ ಬೆಲೆಗೆ ಮಾರುತ್ತಾರೆ. 2022ರಲ್ಲಿ ಇಟಲಿಯ ವೆನೆತೊ ಪ್ರಾಂತದಲ್ಲಿ ಇದರ ಮೊದಲನೆಯ ವಿಶ್ವ ಚಾಂಪಿಯನ್ ಪಂದ್ಯವೂ ನಡೆಯಿತು. ಇದನ್ನು ಮೊದಲು ಓದಿದಾಗ ನನಗೆ ನಗೆ ಬಂದಿತೆಂದು ಒಪ್ಪಿಕೊಳ್ಳುತ್ತೇನೆ. ಜಿಡಗಾದಿಂದ ಹೊಲಕ್ಕೆ ಬುತ್ತಿ ಒಯ್ಯುವ ಪ್ರತಿಯೊಬ್ಬನೂ ದಿನಾಲು ಮಾಡುವುದು ಇದನ್ನೇ ಅಲ್ಲವೆ? ಆದರೆ ವಿಷಯವನ್ನು ಬಿಡಿಸಿ ನೋಡುತ್ತ ಹೋದಂತೆ, ನಗುವುದನ್ನು ಬಿಟ್ಟು ಕಲಿಯುವುದು ಬಹಳ ಇದೆಯೆಂದು ಕಂಡಿತು.

ಫ್ರಾನ್ಸು ದೇಶವನ್ನೇ ತೆಗೆದುಕೊಳ್ಳೋಣ. ಅಲ್ಲಿ ದ್ರಾಕ್ಷಿಯ ತೋಟಗಳ ನಡುನಡುವೆ ಒಕ್ಕಲಿಗರು ಗಾಡಿ, ಟ್ರ್ಯಾಕ್ಟರುಗಳನ್ನು ಒಯ್ಯುವುದಕ್ಕೆಂದು ಬಿಟ್ಟ ಹಾದಿಗಳಿವೆ. ಶಾಂಪೇನ್ ಸೀಮೆಯಲ್ಲಿ ನೆಲದಡಿ ಸುಣ್ಣಕಲ್ಲು ಇರುವುದರಿಂದ ಅವು ಬೆಳ್ಳಗೆ ಕಾಣುತ್ತವೆ. ಜಗತ್ಪ್ರಸಿದ್ಧವಾದ 'ತೂರ್ ದ ಫ್ರಾನ್ಸ್' ಪಂದ್ಯದ 2024ರ ಒಂಬತ್ತನೆಯ ದಿನದ ಓಟವನ್ನು ತ್ರ್ವಾ ಎಂಬ ಊರಿನ ಸುತ್ತಲಿನ ಇಂಥ ಬಿಳಿ ಹಾದಿಗಳಲ್ಲಿ ಇಟ್ಟಿದ್ದರು. ಒಟ್ಟು 199 ಕಿ.ಮೀ.ಗಳಲ್ಲಿ 14 ತುಂಡುಗಳು, ಕೂಡಿಸಿದರೆ ಸುಮಾರು 32 ಕಿ.ಮೀ., ಬರಿಯ ಗರಸು. ಗೆದ್ದವನು ಆಂತೊನಿ ತುರ್ಜಿಸ್ ಎಂಬ ಫ್ರೆಂಚನು. ಆ ಧೂಳಿನ ಚಿತ್ರಗಳನ್ನು ನೋಡಿದರೆ ಮಾಘ ಮಾಸದಲ್ಲಿ ನಮ್ಮ ಹಾದಿಯ ಮೇಲೆ ಕಬ್ಬಿನ ಟ್ರ್ಯಾಕ್ಟರು ಹೋದ ಹಾಗೆ ತೋರುತ್ತದೆ. ಪ್ಯಾರಿಸ್-ತೂರ್ ಎಂಬ ಹಳೆಯ ಪಂದ್ಯವೂ 2018ರಿಂದ ದ್ರಾಕ್ಷಿ ತೋಟಗಳ ಹಾದಿಯನ್ನು ಸೇರಿಸಿಕೊಂಡಿದೆ. ಅಲ್ಲಿಯ ಅಡವಿಗಳ ಮಾತು ಬೇರೆ. ಫೋಂತೆನ್‌ಬ್ಲೊ, ಕೊಂಪಿಯೇನ್ ಮುಂತಾದ ಅಡವಿಗಳಲ್ಲಿ ಬಾಣದಂತೆ ನೆಟ್ಟಗೆ ಹೋಗುವ ಹಾದಿಗಳುಂಟು. ಒಂದೊಂದು ಕೂಡಿನಲ್ಲಿ ಆರೆಂಟು ಹಾದಿಗಳು ನಕ್ಷತ್ರದ ಕಿರಣಗಳ ಹಾಗೆ ಸೇರುತ್ತವೆ. ಅವನ್ನು ಕಡಿಸಿದ್ದು ಪ್ರಜೆಗಳ ಸೌಖ್ಯಕ್ಕಲ್ಲ, ಅರಸರ ಬೇಟೆಗೆ. ಅರಸರು ಹೋದರು, ಹಾದಿ ಉಳಿಯಿತು. ಈಗ ಅದರ ಮೇಲೆ ಗುಮಾಸ್ತರೂ ಶಾಲೆಯ ಮಾಸ್ತರರೂ ಸೈಕಲ್ಲು ಹೊಡೆಯುವರು.

ಇದು ಹೊಸ ಹವ್ಯಾಸವೆಂಬುದೂ ಪೂರ್ತಿ ನಿಜವಲ್ಲ. ತೂರ್ ದ ಫ್ರಾನ್ಸ್ 1903ರಲ್ಲಿ ಮೊದಲಾದಾಗ ಆರು ಹಂತಗಳಲ್ಲಿ 2428 ಕಿ.ಮೀ. ಓಟವಿತ್ತು, ರಸ್ತೆಗಳೆಲ್ಲ ಕಲ್ಲು ಮಣ್ಣಿನವೇ. ಆ ಕಾಲದ ಒಂದು ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1913ರಲ್ಲಿ ಯೂಜೆನ್ ಕ್ರಿಸ್ತೋಫ್ ಎಂಬ ಪಂದ್ಯಾಳು ತೂರ್ಮಾಲೆ ಘಟ್ಟವನ್ನು ಇಳಿಯುತ್ತಿದ್ದಾಗ ಸೈಕಲ್ಲಿನ ಮುಂದಿನ ಚಿಮಟಾ ಮುರಿಯಿತು. ಸೈಕಲ್ಲನ್ನು ಬೇರೆಯವರಿಂದ ಪಡೆಯಕೂಡದು, ಬೇರೆಯವರಿಂದ ದುರಸ್ತಿ ಮಾಡಿಸಕೂಡದು ಎಂದು ಆಗಿನ ನಿಯಮ. ಆತನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಸುಮಾರು 10 ಕಿ.ಮೀ. ನಡೆದು ಕೆಳಗಿನ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿದನು. ಪಂದ್ಯದ ಅಧಿಕಾರಿಗಳು ಎದುರಿಗೆ ನಿಂತು ನೋಡುತ್ತಿರಲು, ಕಬ್ಬಿಣವನ್ನು ಕಾಸಿ ಬಡಿದು ಬೆಸೆದು ಚಿಮಟಾವನ್ನು ತಾನೇ ಸರಿಮಾಡಿಕೊಂಡನು. ಎರಡು ಕೈಗಳಿಗೂ ಕೆಲಸವಿದ್ದುದರಿಂದ ತಿದಿಯನ್ನು ಮಾತ್ರ ಒಬ್ಬ ಹುಡುಗನು ಒತ್ತಿದನು. ಅಷ್ಟಕ್ಕೆ ಹತ್ತು ನಿಮಿಷ ದಂಡ! ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರಂತೆ. ನಾಲ್ಕು ತಾಸಿನಷ್ಟು ಕಾಲವನ್ನು ಆಗಲೇ ಕಳೆದುಕೊಂಡವನಿಗೆ ಮೂರಾದರೇನು, ಹತ್ತಾದರೇನು. ಆದರೆ ಆತನು ಓಟವನ್ನು ಬಿಡಲಿಲ್ಲ, ಪ್ಯಾರಿಸ್ಸಿನವರೆಗೂ ಹೋಗಿ ಮುಗಿಸಿದನು. ಈ ಕಥೆಯನ್ನು ನಮ್ಮ ಮುತ್ಯಾನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಆ ಕಮ್ಮಾರಗ ರೊಕ್ಕ ಕೊಟ್ನೇನು?"

ಈಗ ಟೈರಿನ ವಿಚಾರಕ್ಕೆ ಬರೋಣ. ಡಾಂಬರಿನ ಮೇಲೆ ಪಂದ್ಯಕ್ಕೆ ಓಡುವ ಸೈಕಲ್ಲಿನ ಟೈರು 25ರಿಂದ 30 ಮಿಲಿಮೀಟರು ಅಗಲವಿರುವುದು; ಅದರಲ್ಲಿ ಹವಾ ಕಲ್ಲಿನಂತೆ ಗಟ್ಟಿ. ಗರಸಿನ ಹಾದಿಯ ಸೈಕಲ್ಲಿನ ಟೈರು ಸಾಧಾರಣವಾಗಿ 35ರಿಂದ 50 ಮಿಲಿಮೀಟರು. ಬಹಳ ಜನರು ಆರಿಸುವುದು 40ರ ಆಸುಪಾಸು. ಇನ್ನು ನಮ್ಮ ಅಪ್ಪಂದಿರ ಕರಿಯ ಸೈಕಲ್ಲಿನ ಟೈರಿನ ಬದಿಗೆ ಏನು ಬರೆದಿದೆಯೆಂದು ಯಾರಾದರೂ ಓದಿರುವಿರಾ? 28 × 1½ ಎಂದಿರುವುದು. ಒಂದೂವರೆ ಇಂಚೆಂದರೆ 38 ಮಿಲಿಮೀಟರು; ಈಗಿನ ಲೆಕ್ಕದಲ್ಲಿ ಆ ಟೈರನ್ನು 40 ಎಂದೇ ಗುರುತಿಸುವರು. ಎಂದರೆ, ಮೂರು ಲಕ್ಷ ರೂಪಾಯಿ ಕೊಟ್ಟು ಪರದೇಶದವರು ಕೊಳ್ಳುವ ಗಾಲಿಯ ಅಗಲವೂ, ಕಾಯಿಪಲ್ಲೆಯ ಚೀಲ ಹೇರಿಕೊಂಡು ಸಂತೆಗೆ ಹೋಗುವ ಸೈಕಲ್ಲಿನ ಗಾಲಿಯ ಅಗಲವೂ ಒಂದೇ! ಆ ಸೈಕಲ್ಲು ಮಾಡಿದವರು ಹಾದಿಯನ್ನು ನೋಡಿಯೇ ಮಾಡಿದ್ದರು. ನಡುವೆ ಪೇಟೆಯ ಹುಡುಗರಿಗೆ ತೆಳ್ಳನೆಯ ಟೈರು ಚಂದವೆನಿಸಿತು. ಈಗ ಯುರೋಪು ತಿರುಗಿ ಅಗಲ ಟೈರಿಗೆ ಬಂದಿದೆ.

ಅಗಲ ಟೈರಿನಿಂದ ಏನು ಲಾಭ? ಲೆಕ್ಕ ಸರಳವಾಗಿದೆ. ಸವಾರ ಮತ್ತು ಸೈಕಲ್ಲು ಕೂಡಿ 80 ಕಿಲೋ ಎಂದಿಟ್ಟುಕೊಳ್ಳಿ. ಹಿಂದಿನ ಗಾಲಿಯ ಮೇಲೆ ಸುಮಾರು 48 ಕಿಲೋ ಬೀಳುವುದು. ಟೈರಿನೊಳಗೆ ಚದರ ಸೆಂಟಿಮೀಟರಿಗೆ 6 ಕಿಲೋ ಒತ್ತಡವಿದ್ದರೆ, ಆ ಭಾರವನ್ನು ಹೊರಲು ಟೈರು ನೆಲವನ್ನು 8 ಚದರ ಸೆಂಟಿಮೀಟರಿನಷ್ಟು ಮುಟ್ಟಿದರೆ ಸಾಕು. ಒತ್ತಡವನ್ನು 3 ಕಿಲೋಗೆ ಇಳಿಸಿದರೆ 16 ಚದರ ಸೆಂಟಿಮೀಟರು ಮುಟ್ಟಬೇಕಾಗುವುದು. ಭಾರ ಹೆಚ್ಚು ನೆಲಕ್ಕೆ ಹಂಚಿದಷ್ಟೂ ಗಾಲಿ ಸಡಿಲ ಮಣ್ಣಿನಲ್ಲಿ ಹುಗಿಯುವುದು ಕಡಿಮೆ. ಎರಡನೆಯ ಲಾಭ ಇನ್ನೂ ದೊಡ್ಡದು. ಹವಾ ಗಟ್ಟಿಯಾಗಿದ್ದರೆ ಪ್ರತಿಯೊಂದು ಹರಳಿನ ಮೇಲೆಯೂ ಇಡೀ ಸೈಕಲ್ಲು, ಸವಾರನ ಸಮೇತ, ಕೂದಲೆಳೆಯಷ್ಟಾದರೂ ಮೇಲೇಳಬೇಕು. ಹೀಗೆ ಸಾವಿರ ಸಲ ಎತ್ತುವ ಶಕ್ತಿ ನಮ್ಮ ಕಾಲಿನಿಂದಲೇ ಬರತಕ್ಕದ್ದು. ಹವಾ ಮೆತ್ತಗಿದ್ದರೆ ಹರಳು ಟೈರಿನೊಳಗೆ ತುಸು ಹುದುಗಿ ಮತ್ತೆ ಹೊರಬೀಳುವುದು, ಸವಾರನು ಮೇಲೇಳುವುದಿಲ್ಲ. ಆದುದರಿಂದ ಒರಟು ಹಾದಿಯಲ್ಲಿ ಹವಾ ಕಡಿಮೆ ಮಾಡಿದರೆ ಸೈಕಲ್ಲು ಹಗುರಾಗಿ ಓಡುವುದು. ಕೇಳಲು ವಿಚಿತ್ರ, ಆದರೆ ಅನುಭವಕ್ಕೆ ಬರುವ ಮಾತು.

ನಾನು ಇದನ್ನು ಪುಸ್ತಕದಿಂದ ತಿಳಿಯುವ ಮೊದಲೇ ಆಳಂದದ ಒಬ್ಬ ಸೈಕಲ್ ದುರಸ್ತಿಯ ಚಾಚಾ ಹೇಳಿದ್ದರು. ಹವಾ ಗಟ್ಟಿ ಹೊಡೆಯಲು ನಾನು ಹಟ ಹಿಡಿದಾಗ ಪಂಪನ್ನು ಬದಿಗಿಟ್ಟು, "ತಮ್ಮಾ, ಹವಾ ಗಟ್ಟಿ ಇದ್ರ ಕಲ್ಲು ನಿನಗ ಒದಿತದ. ಜರಾ ಮೆತ್ತಗಿದ್ರ ಟೈರು ಕಲ್ಲಿಗಿ ಹೊಂದ್ಕೊಂಡು ಹೋಗ್ತದ" ಎಂದರು. ಎಷ್ಟು ಮೆತ್ತಗೆಂಬುದಕ್ಕೆ ಅವರ ಮಾಪಕವೆಂದರೆ ಹೆಬ್ಬೆರಳು. ಒತ್ತಿದರೆ ತುಸು ಬಗ್ಗಬೇಕು, ಆದರೆ ರಿಮ್ಮು ಬೆರಳಿಗೆ ಸಿಗಬಾರದು. ಬಹಳ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕು ಜೋಡಿ ತೂತು ಬೀಳುವುದು, ಹಾವು ಕಚ್ಚಿದ ಗುರುತಿನ ಹಾಗೆ.

ಟೈರಿನಷ್ಟೇ ಮುಖ್ಯವಾದುದು ನೆಲ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ಎರಿ ಮಣ್ಣಿನ ಸೀಮೆಗಳು. ದಖ್ಖನಿನ ಈ ಭಾಗದಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ಹೆಪ್ಪುಗಟ್ಟಿ ಕಪ್ಪು ಕಲ್ಲಾಯಿತು. ಆ ಕಲ್ಲು ಅರ್ಧ ಶಿಥಿಲವಾದರೆ ಮುರುಮು, ಪೂರ್ತಿ ಶಿಥಿಲವಾಗಿ ಜೇಡಿಯಾದರೆ ಎರಿ. ಒಂದೇ ತಾಯಿಯ ಮಕ್ಕಳು, ಸ್ವಭಾವ ಮಾತ್ರ ಬೇರೆ. ಮುರುಮಿನಲ್ಲಿ ಹರಳುಗಳ ನಡುವೆ ಸಂದಿರುವುದರಿಂದ ನೀರು ಇಳಿದುಹೋಗುವುದು. ಮಳೆ ನಿಂತ ತಾಸೆರಡು ತಾಸಿಗೆ ಸೈಕಲ್ಲು ಓಡುವುದು. ಎರಿ ಮಣ್ಣಿನ ಜೇಡಿಯಲ್ಲಿಯೋ, ಕಣಗಳು ಹಾಳೆಯ ಮೇಲೆ ಹಾಳೆ ಇಟ್ಟಂತೆ ಕೂಡಿರುತ್ತವೆ. ನೀರು ಆ ಹಾಳೆಗಳ ನಡುವೆಯೇ ನುಗ್ಗಿ ಮಣ್ಣನ್ನು ಉಬ್ಬಿಸುವುದು; ಬೇಸಿಗೆಯಲ್ಲಿ ನೀರಾರಿದಾಗ ಕೈ ತೂರಿಸುವಷ್ಟು ಬಿರುಕು ಬಿಡುವುದು. ಒಣಗಿದ ಎರಿಯ ಹಾದಿ ಡಾಂಬರಿಗಿಂತ ಚಂದ. ತೊಯ್ದ ಎರಿಯ ಮೇಲೆ ಹತ್ತು ಮಾರು ಹೋಗುವಷ್ಟರಲ್ಲಿ ರಾಡಿ ಟೈರಿಗೆ ಸುತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತುಬಿಡುವುದು. ಆಮೇಲೆ ಸೈಕಲ್ಲು ನಮ್ಮನ್ನು ಹೊರುವುದಿಲ್ಲ, ನಾವೇ ಅದನ್ನು ಹೊರಬೇಕು. ಕ್ರಿಸ್ತೋಫನು ಒಂದು ಸಲ ಹೊತ್ತುದಕ್ಕೆ ಇತಿಹಾಸವಾಯಿತು, ಬಿ.ಎ. ಮೊದಲ ವರ್ಷದ ಆಗಸ್ಟಿನಲ್ಲಿ ನಾನು ಎಷ್ಟು ಸಲ ಹೊತ್ತೆನೆಂದು ಲೆಕ್ಕವಿಲ್ಲ. ಗರಸಿನ ಸೈಕಲ್ಲುಗಳಲ್ಲಿ ಟೈರಿಗೂ ಚಿಮಟಾಕ್ಕೂ ನಡುವೆ ಅಗಲವಾಗಿ ಜಾಗ ಬಿಟ್ಟಿರುವುದು ಈ ರಾಡಿಯ ಸಲುವಾಗಿಯೇ. ನಮ್ಮಲ್ಲಿ ಮಳೆಗಾಲಕ್ಕೆ ಮಡ್‌ಗಾರ್ಡನ್ನು ಬಿಚ್ಚಿಡುವ ರೈತನೂ ಅದೇ ಶಾಸ್ತ್ರವನ್ನು ಬಲ್ಲವನೇ. ಬ್ರೇಕಿನ ಮಾತೂ ಹೀಗೆಯೇ. ರಿಮ್ಮನ್ನು ಹಿಡಿಯುವ ಬ್ರೇಕಿಗೆ ರಾಡಿ ಮೆತ್ತಿದರೆ ಅದು ಹಿಡಿಯುವುದಿಲ್ಲ. ಅದಕ್ಕೆಂದೇ ಈಗ ಗಾಲಿಯ ನಡುವೆ ತಟ್ಟೆಯಿಟ್ಟು ಹಿಡಿಸುವ ಬ್ರೇಕನ್ನು ಹಾಕುವರು.

ಮುಳ್ಳಿನ ವಿಷಯದಲ್ಲಿ ಫ್ರಾನ್ಸಿನವರು ಪುಣ್ಯವಂತರು. ನಮ್ಮ ಹಾದಿಯ ಎಡಬಲಗಳಲ್ಲಿ ಬಳ್ಳಾರಿ ಜಾಲಿ, ಕೆಳಗೆ ನೆಗ್ಗಿಲು. ನೆಗ್ಗಿಲಿನ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುವುದು. ಅದಕ್ಕಿಂತ ಕೆಟ್ಟದ್ದು ತೊಗರಿಯ ಕೂಳಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ, ಸಂತೋಷ; ಆದರೆ ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ, ಓರೆಯಾಗಿ ಕತ್ತರಿಸಿದ ಆ ಬುಡಗಳು ಟೈರಿಗೆ ಭರ್ಚಿಯಿದ್ದಂತೆ. ಈಗಿನ ದುಬಾರಿ ಸೈಕಲ್ಲುಗಳಲ್ಲಿ ಟ್ಯೂಬೇ ಇರುವುದಿಲ್ಲ. ಟೈರಿನೊಳಗೆ ರಬ್ಬರಿನ ಹಾಲಿನಂಥ ದ್ರವವನ್ನು ಹಾಕಿರುತ್ತಾರೆ, ತೂತು ಬಿದ್ದರೆ ಅದು ತಾನೇ ಹೋಗಿ ಹೆಪ್ಪುಗಟ್ಟಿ ಮುಚ್ಚುವುದು. ನಮ್ಮಲ್ಲಿ ಸೊಲ್ಯೂಷನ್ ಡಬ್ಬಿ, ಹಳೆಯ ಟ್ಯೂಬಿನ ತುಂಡು, ಒಂದು ಬೋಗುಣಿ ನೀರು.

ಗೇರಿನ ವಿಷಯದಲ್ಲಿ ಮಾತ್ರ ನಾವು ನಿಜವಾಗಿ ಹಿಂದೆ ಬಿದ್ದಿದ್ದೇವೆ. ಕರಿಯ ಸೈಕಲ್ಲಿಗೆ ಒಂದೇ ಗೇರು. ಪೆಡಲು ಒಂದು ಸುತ್ತು ತಿರುಗಿದರೆ ಸೈಕಲ್ಲು ಐದು ಮೀಟರಿಗೂ ಮಿಕ್ಕಿ ಮುಂದೆ ಹೋಗಲೇಬೇಕು. ಬಯಲಿನಲ್ಲಿ ಅದು ಒಳ್ಳೆಯದೇ. ಹಳ್ಳವಿಳಿದು ದಂಡೆ ಹತ್ತುವಾಗ, ಅಥವಾ ಗಾಲಿಯ ಕೆಳಗೆ ಹರಳು ಜಾರುವಾಗ, ಸುತ್ತಿಗೆ ಎರಡು ಮೀಟರಷ್ಟೇ ಹೋಗುವ ಗೇರು ಬೇಕು. ಫ್ರಾನ್ಸಿನಲ್ಲಿಯೂ ಇದಕ್ಕೆ ವಾದ ನಡೆದಿತ್ತು. ಪಾಲ್ ದ ವಿವಿ ಎಂಬಾತನು ವರ್ಷಗಟ್ಟಲೆ ಗೇರಿನ ಪರವಾಗಿ ಬರೆದರೂ, ತೂರ್ ದ ಫ್ರಾನ್ಸ್ ಪಂದ್ಯದವರು ಚೈನನ್ನು ಜಾರಿಸುವ ಗೇರಿಗೆ ಒಪ್ಪಿದ್ದು 1937ರಲ್ಲಿ.

ಕಲಬುರಗಿ ಜಿಲ್ಲೆಯಲ್ಲಿ ದ್ರಾಕ್ಷಿ ತೋಟಗಳು ಕಡಿಮೆ. ಅದಕ್ಕೆ ಭೀಮೆಯನ್ನು ದಾಟಿ ವಿಜಯಪುರ ಜಿಲ್ಲೆಗೆ, ತಿಕೋಟಾ ಕಡೆಗೆ ಹೋಗಬೇಕು. ಅಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರುಗಳಲ್ಲಿ, ಚಾಟ್ನಿ ಮಾಡಿದ ಬಳ್ಳಿಗಳ ಸಾಲು, ನಡುವೆ ಗರಸು ಹಾಕಿದ ಹಾದಿ, ಹಣ್ಣು ಒಣಗಿಸುವ ಉದ್ದನೆಯ ಶೆಡ್ಡುಗಳು. ನಾಡಿಗೆ ಸೈಕಲ್ ಪಂದ್ಯಾಳುಗಳನ್ನು ಕೊಟ್ಟದ್ದೂ ವಿಜಯಪುರ, ಬಾಗಲಕೋಟೆಗಳ ಸೀಮೆಯೇ. ವಿಜಯಪುರದಲ್ಲಿ ಸೈಕಲ್ಲಿಗೆಂದೇ ಸರಕಾರದ ಕ್ರೀಡಾ ವಸತಿ ನಿಲಯವಿದೆ. ದ್ರಾಕ್ಷಿ ಮತ್ತು ಸೈಕಲ್ಲು ಒಂದೇ ಊರಿಗೆ ಹೆಸರು ತಂದ ಉದಾಹರಣೆಗೆ ಫ್ರಾನ್ಸಿನವರೆಗೆ ಹೋಗಬೇಕಾಗಿಲ್ಲ. ಅಡವಿ ಬೇಕೆಂದರೆ ಚಿಂಚೋಳಿಯುಂಟು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾದ ಸುಮಾರು 135 ಚದರ ಕಿ.ಮೀ. ಕಾಡು ಅಲ್ಲಿದೆ. ಅದರೊಳಗೆ ಅಪ್ಪಣೆಯಿಲ್ಲದೆ ಸೈಕಲ್ಲು ಒಯ್ಯುವಂತಿಲ್ಲ ಎಂಬುದನ್ನು ಗೆಳೆಯರು ಮರೆಯಬಾರದು. ಜೇವರ್ಗಿ ಕಡೆ ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ದಂಡೆಯ ಮೇಲೆ ಮುರುಮಿನ ಹಾದಿಗಳಿವೆ. ನನಗೆ ಎಲ್ಲಕ್ಕೂ ಪ್ರಿಯವಾದುದು ಅಮರ್ಜಾ ಹೊಳೆಯ ಹಾದಿ: ಕೋರಳ್ಳಿಯ ಅಣೆಕಟ್ಟಿನಿಂದ ಕೆಳಗೆ, ಜೋಳ ಕಡಲೆಗಳ ಹೊಲಗಳ ನಡುವೆ, ಅದು ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮದವರೆಗೆ. ಒಂದೇ ಹಾದಿಯಲ್ಲ, ಊರಿಂದೂರಿಗೆ ಕೇಳುತ್ತ ಕೂಡಿಸಿಕೊಳ್ಳಬೇಕು. ದತ್ತನ ದರ್ಶನಕ್ಕೆ ನಡೆದು ಹೋಗುವವರೂ, ನಮ್ಮ ಜಿಡಗಾ ಮಠಕ್ಕೆ ಬರುವ ಭಕ್ತರೂ ಹೀಗೆ ಕೇಳುತ್ತಲೇ ಬರುವರು. ಕಾರ್ತಿಕದಿಂದ ಮಾಘದವರೆಗೆ ಇದಕ್ಕೆ ಕಾಲ.

ಆದರೆ ಕೇಳಿದರೆ ಹಾದಿ ಹೇಳುವವರು ಇದ್ದಾರೆ, ಹಾದಿಯೇ ಕೆಲವು ಕಡೆ ಇಲ್ಲವಾಗುತ್ತಿದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯು 2000ದಲ್ಲಿ ಮೊದಲಾದಂದಿನಿಂದ ಡಾಂಬರು ಊರೂರಿಗೆ ಬಂದಿತು. ಅದು ಉಪಕಾರವೇ, ಹೆರಿಗೆಯ ಹೆಣ್ಣುಮಗಳನ್ನು ಎತ್ತಿನ ಗಾಡಿಯಲ್ಲಿ ಒಯ್ದ ದಿನಗಳನ್ನು ನಮ್ಮ ಅವ್ವ ಇನ್ನೂ ಹೇಳುತ್ತಾಳೆ. ಡಾಂಬರು ಬಂದ ಮೇಲೆ ಎತ್ತು ಹೋದವು, ಗಾಡಿ ಹೋದವು. ಗಾಡಿ ಹೋಗದ ಹಾದಿಯನ್ನು ಎರಡೂ ಬದಿಯ ಹೊಲದವರು ವರ್ಷಕ್ಕೆ ಒಂದೊಂದು ಸಾಲು ನೇಗಿಲಿನಿಂದ ಒಳಗೆ ಹಾಕಿಕೊಂಡರು. ಫ್ರಾನ್ಸಿನಲ್ಲಿಯೂ ಎರಡನೆಯ ಮಹಾಯುದ್ಧದ ತರುವಾಯ ಸಣ್ಣ ಹೊಲಗಳನ್ನು ಕೂಡಿಸಿ ದೊಡ್ಡವನ್ನು ಮಾಡಿದಾಗ ಹೀಗೆಯೇ ಅನೇಕ ಹಾದಿಗಳು ಅಳಿದುವು. ಉಳಿದವು ಊರ ಪಂಚಾಯತಿಯ ಸೊತ್ತೆಂದು, ಎಲ್ಲರೂ ತಿರುಗಾಡತಕ್ಕವೆಂದು ಅಲ್ಲಿಯ ಕಾಯಿದೆ ಹೇಳುವುದು.

ನಮ್ಮ ಕಾಯಿದೆಯೂ ಅದನ್ನೇ ಹೇಳುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿಗಳು ಸರಕಾರದ ಸೊತ್ತು. ಗ್ರಾಮದ ನಕಾಶೆಯಲ್ಲಿ ಬಂಡಿದಾರಿಯನ್ನು ಎರಡು ಸಾಲು ಚುಕ್ಕೆಗಳಿಂದಲೂ, ಕಾಲುದಾರಿಯನ್ನು ಒಂದು ಸಾಲು ಚುಕ್ಕೆಗಳಿಂದಲೂ ತೋರಿಸಿರುತ್ತಾರೆ. ನಕಾಶೆಯ ನಕಲು ಭೂಮಾಪನ ಇಲಾಖೆಯಿಂದ ಯಾರಿಗಾದರೂ ದೊರೆಯುವುದು. ಮುಚ್ಚಿದ ಬಂಡಿದಾರಿಯನ್ನು ತೆರೆಯಿಸಲು ತಹಸೀಲದಾರರಿಗೆ ಅರ್ಜಿ ಕೊಡಬಹುದು. ತೆರೆದ ಹಾದಿಗೆ ಮುರುಮು ಹಾಕಿಸಲು 'ನಮ್ಮ ಹೊಲ ನಮ್ಮ ದಾರಿ' ಎಂಬ ಯೋಜನೆಯನ್ನು ಸರಕಾರವೇ ಮಾಡಿತು. ನಾಲ್ಕು ಗೋಡೆಗಳ ನಡುವೆ ರಾಜ್ಯಶಾಸ್ತ್ರವನ್ನು ಓದುವ ನಾವು ಈ ಎರಡು ಸಾಲು ಚುಕ್ಕೆಗಳನ್ನು ಓದಲು ಕಲಿತಿಲ್ಲ.

ನನಗೆ ಇದು ಹವ್ಯಾಸದ ಮಾತಲ್ಲ. ನನ್ನ ತಂಗಿ ಈ ವರ್ಷ ಹತ್ತನೆಯ ಇಯತ್ತೆಯನ್ನು ಮುಗಿಸುವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ, ಎರಡನೆಯವಳು ಅವಳಾಗಬೇಕು. 2023ರ ಜೂನಿನಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾಯಿತು. ಆದರೆ ಬಸ್ಸು ಬಂದಾಗ ತಾನೆ ಉಚಿತ! ಮುಂಜಾನೆಯ ಬಸ್ಸು ತಪ್ಪಿದರೆ ಮೊದಲೆರಡು ಪಾಠಗಳು ತಪ್ಪಿದಂತೆಯೇ. ಡಾಂಬರು ರಸ್ತೆಯಲ್ಲಿ ಸೈಕಲ್ಲು ಹೊಡೆದರೆ ಸುತ್ತು ಹೆಚ್ಚು, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳ ಅಂಜಿಕೆ ಬೇರೆ. ಅವಳನ್ನು ಆ ರಸ್ತೆಗೆ ಕಳಿಸಲು ಅವ್ವ ಒಪ್ಪಳು. ಹೊಲಗಳ ನಡುವಿನ ಹಳೆಯ ಬಂಡಿದಾರಿ ಹಿಡಿದರೆ ಅರ್ಧ ತಾಸು ಉಳಿಯುವುದು. ಅದು ಮುತ್ಯಾನ ಕಾಲದಲ್ಲಿ ಎರಡು ಗಾಡಿಗಳು ಎದುರಾಬದುರಾಗಿ ಹಾಯುವಷ್ಟು ಅಗಲವಿತ್ತಂತೆ.

ಕಳೆದ ಜನವರಿಯಲ್ಲಿ ತೊಗರಿಯ ರಾಶಿ ಮುಗಿದ ಮೇಲೆ, ನಕಾಶೆಯ ನಕಲನ್ನು ಹಿಡಿದು ಅಣ್ಣ ತಂಗಿ ಇಬ್ಬರೂ ಆ ಹಾದಿಯನ್ನು ನಡೆದು ನೋಡಿದೆವು. ಮುಕ್ಕಾಲು ಪಾಲು ಹಾದಿ ಇನ್ನೂ ಇದೆ, ಮುರುಮು ಗಟ್ಟಿಯಾಗಿದೆ. ಮೂರು ಕಡೆಗಳಲ್ಲಿ ಮಾತ್ರ ಎರಡು ಸಾಲು ಚುಕ್ಕೆಗಳಿರುವಲ್ಲಿ ತೊಗರಿಯ ಕೂಳಿ ನಿಂತಿದೆ. ಯಾರ ಹೊಲವೆಂದು ಇಲ್ಲಿ ಬರೆಯಲಾರೆ, ಅವರೂ ನಮ್ಮ ಮನೆಯ ಮದುವೆಗೆ ಬಂದು ಉಂಡವರೇ. ಒಬ್ಬರನ್ನು ಅಪ್ಪ ಹೋಗಿ ಕಂಡು ಬಂದಿದ್ದಾನೆ. ಅವರು, "ಹುಡುಗಿ ಸಾಲಿಗಿ ಹೋಗ್ಲಾಕ ಅಂದ್ರ ಬದುವಿಗಿ ಒಂದು ಸೈಕಲ್ ಹಾದಿ ಬಿಡ್ತೀನಿ, ಗಾಡಿಗಿ ಕೇಳಬ್ಯಾಡ್ರಿ" ಎಂದಿದ್ದಾರೆ. ಸೈಕಲ್ಲಿಗೆ ಮೊಳದಗಲ ಸಾಕು. ಉಳಿದಿಬ್ಬರ ಸಲುವಾಗಿ ಅರ್ಜಿ ಬರೆದಿಟ್ಟಿದ್ದೇನೆ; ಕೊಡುವ ಮೊದಲು ಅವರನ್ನೂ ಒಮ್ಮೆ ಕಾಣೋಣವೆಂದು ಅಪ್ಪನ ಅಭಿಪ್ರಾಯ. ತಂಗಿಯು ಅಪ್ಪನ ಸೈಕಲ್ಲಿನ ನಡುಗೊಳವೆಯ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತಿದ್ದಾಳೆ. ಮೊನ್ನೆ ರವಿವಾರ ಆ ಮೊದಲನೆಯ ಹೊಲದ ಬದುವಿನ ಆಚೆಯವರೆಗೂ ಹೋಗಿ, ಎರಡನೆಯದರ ಹತ್ತಿರ ಇಳಿದು, ಸೈಕಲ್ಲು ತಿರುಗಿಸಿಕೊಂಡು ಬಂದಳು.